ಒಂದು ಕಡ್ಡಿ ಹವಳ

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಗಂಡನ ಅಣ್ಣನ ಹೆಂಡತಿ, ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಬೇಲೂರಿನಲ್ಲಿ ಮನೆ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ. ನಾನು ಅರಸೀಕೆರೆಯಲ್ಲಿ ರವಿಕೆ ಹೊಲಿಯುವವಳು. ಅವಳ ರವಿಕೆಗಳನ್ನೂ ನಾನೇ ಹೊಲಿಯುತ್ತೇನೆ. ಅವಳು ಆ ಒಂದು ಮಾತು ಆಡಿದ ಮೇಲೆ ನಾನು ಹೊಲಿದ ಅಷ್ಟೂ ರವಿಕೆಗಳ ತೋಳು ಕಾಲಿಂಚು ಬಿಗಿ. ತಾನು ದಪ್ಪಗಾಗುತ್ತಿದ್ದೇನೆ ಎಂದು ಅವಳು ಅನ್ನ ಬಿಟ್ಟು ರಾಗಿಮುದ್ದೆಗೆ ಬಂದಳು. 

ಆ ಮಾತು ಆಡಿದ್ದು ಅವಳ ಮಗಳ ಸೀಮಂತದಲ್ಲಿ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಸುರಿಗೆ ಬಳೆ ತೊಡಿಸುತ್ತಿದ್ದರು. ನನ್ನ ಸರದಿ ಬಂತು. ಹಸಿರು ಬಳೆಯ ತಟ್ಟೆ ಹಿಡಿದು ಎರಡು ಹೆಜ್ಜೆ ಇಟ್ಟಿದ್ದೆ. ಅಕ್ಕ ಬಂದು ತಟ್ಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನೀನು ಇರು ಕಣೇ. ಬೇಜಾರ್ ಮಾಡ್ಕಬೇಡ. ನಿನ್ ಕೈಲಿ ಏನೂ ಉಳಿಯಲ್ಲ."

ಮೂರು ಸಲ ಬಸುರಾಗಿ ಮೂರು ಸಲವೂ ಕಳೆದುಕೊಂಡವಳು ನಾನು. ಅದಕ್ಕಾಗಿ ಅಳುವುದು ಅಷ್ಟರಲ್ಲಿ ಮುಗಿದುಹೋಗಿತ್ತು. ಅವಳು ಗಟ್ಟಿಯಾಗಿ ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮೆತ್ತಗೆ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದಳು. ಆ ಮೆತ್ತಗಿನ ದನಿಯೇ ಹೆಚ್ಚು ಉರಿಯಿತು. ನಾನು ಹೋಗಿ ಅವರ ನಡುಮನೆಯಲ್ಲಿದ್ದ ಮೀನಿನ ತೊಟ್ಟಿಯ ಪಕ್ಕ ನಿಂತೆ. ಕೆಂಪು ಮೀನುಗಳು ಬಾಯಿ ಬಿಟ್ಟು ಮುಚ್ಚುತ್ತಿದ್ದವು. ಇವಳ ಬಾಯಿಂದಲೇ ಈ ಮಾತನ್ನು ವಾಪಸ್ ತೆಗೆಸಬೇಕು, ಇವಳ ಕೈಯಲ್ಲೂ ಒಂದು ಜೀವ ಸಾಯಬೇಕು, ಆಗ ನಾನು ಹತ್ತಿರ ನಿಂತು ನೋಡಬೇಕು. ನಿಂತಲ್ಲೇ ಹೀಗೆ ಅಂದುಕೊಂಡೆ. ಆ ಆಸೆಗೆ ನನಗೆ ನಾಚಿಕೆಯಾಗಲಿಲ್ಲ.

ಲೈನಿಂಗ್ ಬಟ್ಟೆ, ಲೇಸು ತರಲು ನಾನು ಎರಡು ತಿಂಗಳಿಗೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಸೀಮಂತದ ನಂತರದ ಸಲ ಹೋದಾಗ ದಾರಿಯಲ್ಲೊಂದು ಮೀನಿನ ಅಂಗಡಿ ಕಂಡಿತು. ಒಳಗೆ ಒಂದು ದೊಡ್ಡ ಗಾಜಿನ ತೊಟ್ಟಿಯಲ್ಲಿ ನೀಲಿ ಬೆಳಕು. ಕಲ್ಲಿನ ಮೇಲೆ ಹೂಗಳಂಥವು ಅರಳಿ ಅಲ್ಲಾಡುತ್ತಿದ್ದವು. ಇದು ಯಾವ ಗಿಡ ಎಂದು ಕೇಳಿದೆ.

"ಗಿಡ ಅಲ್ಲ ಮೇಡಂ, ಹವಳ. ಪ್ರಾಣಿ ಅದು. ಸಮುದ್ರದ ನೀರೇ ಬೇಕು," ಅಂದ ಅಂಗಡಿಯವನು. "ಬೆಳೆಸ್ತೀರಾ? ಫಸ್ಟ್ ಟೈಮ್ ಆದ್ರೆ ಬೇಡ ಮೇಡಂ. ತುಂಬಾ ಕಷ್ಟ. ಹೊಸಬರ ಕೈಲಿ ಇದು ಉಳಿಯಲ್ಲ."

ಆ ಮಾತು ಕೇಳಿದ ಮೇಲೆ ನಾನು ಆ ಅಂಗಡಿಯಿಂದ ಬರಿಗೈಯಲ್ಲಿ ಬರುವ ಹಾಗಿರಲಿಲ್ಲ.

ಐದಡಿ ಉದ್ದದ ತೊಟ್ಟಿ, ಕಬ್ಬಿಣದ ಸ್ಟ್ಯಾಂಡು, ದೀಪ, ಪಂಪು, ತೂತುತೂತಾದ ಕಲ್ಲುಗಳು, ಡಬ್ಬಿಗಟ್ಟಲೆ ಸಮುದ್ರದ ಉಪ್ಪಿನ ಪುಡಿ, ಎಲ್ಲ ಟೆಂಪೊದಲ್ಲಿ ಬಂದವು. ನನ್ನ ಗಂಡ ಸ್ಟೇಷನ್ನಿನಲ್ಲಿ ಕೆಲಸ ಮಾಡುವವರು. ಬಾಗಿಲಲ್ಲಿ ನಿಂತು ನೋಡಿದರು.

"ಸಮುದ್ರ ನೋಡ್ಬೇಕಾದ್ರೆ ಹೇಳು ಕಣೇ, ರೈಲು ಹತ್ತಿಸಿ ಮಂಗಳೂರಿಗೆ ಕಳಿಸ್ತೀನಿ. ಮನೇಗ್ಯಾಕೆ ತರೋದು?"

"ನೋಡೋದಕ್ಕಲ್ಲ ಕಣ್ರೀ. ತೋರಿಸೋದಕ್ಕೆ."

ಯಾರಿಗೆ ಎಂದು ಅವರು ಕೇಳಲಿಲ್ಲ. ಸೀಮಂತದ ದಿನ ಅವರೂ ಬೇಲೂರಿನಲ್ಲಿದ್ದರು. ಆಮೇಲೆ ತಾವೇ ಲೆವೆಲ್ ಹಿಡಿದು ಸ್ಟ್ಯಾಂಡಿನ ಕಾಲಿಗೆ ರಬ್ಬರಿನ ತುಂಡು ಕೊಟ್ಟು ಸಮ ಮಾಡಿದರು. ಕರೆಂಟು ಹೋದರೆ ಪಂಪು ನಿಲ್ಲಬಾರದು ಎಂದು ಇನ್ವರ್ಟರಿನ ವೈರು ಎಳೆದರು.

ನಮ್ಮೂರಿನ ಬೋರ್‌ವೆಲ್ ನೀರು ಕುಕ್ಕರಿನೊಳಗೇ ಬಿಳಿ ಪದರ ಕಟ್ಟುವಷ್ಟು ಗಡಸು. ಅದು ನಡೆಯುವುದಿಲ್ಲ. ಶುದ್ಧ ಮಾಡಿದ ನೀರಿಗೆ ಅಳತೆ ತಪ್ಪದೆ ಉಪ್ಪು ಬೆರೆಸಬೇಕು. ಅಳತೆ ನನಗೆ ಹೊಸದಲ್ಲ. ಆದರೆ ಕಾಯುವುದು ಹೊಸದು. ನೀರು, ಕಲ್ಲು, ಉಪ್ಪು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಒಂದೂವರೆ ತಿಂಗಳು ತೊಟ್ಟಿಗೆ ಒಂದು ಮೀನನ್ನೂ ಬಿಡುವಂತಿಲ್ಲ. ಪಕ್ಕದ ಮನೆಯ ಜಾವಗಲ್ಲಿನ ಅಜ್ಜಿ ದಿನಾ ಬಂದು ನೋಡುತ್ತಿದ್ದಳು.

"ಮೀನೆಲ್ಲವ್ವಾ?"

"ಇನ್ನೂ ಬಿಟ್ಟಿಲ್ಲ ಅಜ್ಜಿ."

"ಬರೀ ಕಲ್ಲಿಗೆ ಲೈಟ್ ಬೇರೆ ಹಾಕ್ಕಂಡಿದೀಯ. ಹಳೇಬೀಡಿಗೆ ಹೋಗಿದ್ರೆ ಕೆತ್ತಿರೋ ಕಲ್ಲಾದ್ರೂ ನೋಡಬೋದಿತ್ತು."

ಬೀದಿಯೆಲ್ಲ ನಕ್ಕಿತು. ನಗಲಿ ಎಂದು ಬಿಟ್ಟೆ. ಹಲ್ಲು ಕಚ್ಚಿಕೊಂಡು ನೀರಿನ ಪರೀಕ್ಷೆ ಮಾಡುತ್ತಾ ಕೂತೆ. ಮೊದಲು ಬಸವನಹುಳಗಳು ಬಂದವು, ಆಮೇಲೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಸೀಗಡಿ. ಕೊನೆಗೆ ಹವಳದ ಆರು ತುಂಡುಗಳು. ಅವು ಮೊದಲ ದಿನ ಮುದುಡಿಕೊಂಡಿದ್ದು ಮೂರನೆಯ ದಿನ ಅರಳಿದವು. ನಾನು ಆ ದಿನ ನನ್ನ ಹೊಲಿಗೆ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ.

ಅಕ್ಕ ರವಿಕೆ ತೆಗೆದುಕೊಂಡು ಹೋಗಲು ಬಂದಾಗ ತೊಟ್ಟಿ ನೋಡಿದಳು. ಗಾಜಿನ ಮೇಲೆ ಬೆರಳಿಟ್ಟಳು.

"ಚೆನ್ನಾಗೈತೆ ಕಣೇ. ಎಷ್ಟು ದಿನ ಇರ್ತವೆ ಇವು?"

ಅವಳು ಹೋದ ಹತ್ತು ದಿನಕ್ಕೆ ಬಸವನಹುಳಗಳು ಕಲ್ಲಿನಿಂದ ಕಳಚಿ ಬಿದ್ದವು. ಸೀಗಡಿ ಅಂಗಾತವಾಯಿತು. ಹವಳಗಳು ಒಂದೊಂದಾಗಿ ಮುದುಡಿ ಲೋಳೆಯಾಗತೊಡಗಿದವು. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು. ಅವಳ ಕಣ್ಣೇ ತಗುಲಿದ್ದು ಎಂದು ನನಗೆ ಖಾತ್ರಿ. ಒಣಮೆಣಸಿನಕಾಯಿ, ಉಪ್ಪು ಹಿಡಿದು ತೊಟ್ಟಿಗೆ ಮೂರು ಸಲ ದೃಷ್ಟಿ ತೆಗೆದು ಒಲೆಗೆ ಹಾಕಿದೆ. ಅವಳ ವಂಶವನ್ನೆಲ್ಲ ಸೇರಿಸಿ ಬೈದೆ. ಆಮೇಲೆ ಅಂಗಡಿಯವನಿಗೆ ವಿಡಿಯೋ ಕಾಲ್ ಮಾಡಿ ಸತ್ತವನ್ನು ತೋರಿಸಿದೆ. ಅವನು ಸತ್ತವನ್ನು ನೋಡಲೇ ಇಲ್ಲ.

"ಮೇಡಂ, ನಿಮ್ಮ ಹಿಂದೆ ಹೊಳೀತಾ ಇರೋದು ತಾಮ್ರಾನಾ?"

ತಾಮ್ರವೇ. ಅತ್ತೆಯ ಕಾಲದ ಹಂಡೆ. ನಮ್ಮಲ್ಲಿ ಕುಡಿಯುವ ನೀರನ್ನು ತಾಮ್ರದಲ್ಲಿಡುವುದು ವಾಡಿಕೆ, ಮೈಗೆ ಒಳ್ಳೆಯದು ಎನ್ನುತ್ತಾರೆ. ಸೆಕೆಗೆ ತೊಟ್ಟಿಯ ನೀರು ದಿನಾ ನಾಲ್ಕೈದು ಚೊಂಬಿನಷ್ಟು ಆರಿಹೋಗುತ್ತಿತ್ತು. ಉಪ್ಪು ಒಳಗೇ ಉಳಿಯುವುದರಿಂದ ಶುದ್ಧ ನೀರು ಮಾತ್ರ ಸೇರಿಸಬೇಕು. ಆ ನೀರಿಗೆ ಪ್ಲಾಸ್ಟಿಕ್ಕಿನ ಡ್ರಮ್ಮು ಬೇಡ, ಮನೆಯ ಅತ್ಯುತ್ತಮ ಪಾತ್ರೆಯೇ ಇರಲಿ ಎಂದು ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿ, ಅದರಲ್ಲಿ ತುಂಬಿಟ್ಟು, ತಾಮ್ರದ ಚೊಂಬಿನಿಂದಲೇ ಎರೆಯುತ್ತಿದ್ದೆ. ಹವಳಕ್ಕೂ ಬಸವನಹುಳಕ್ಕೂ ಸೀಗಡಿಗೂ ತಾಮ್ರ ವಿಷವಂತೆ, ಮೀನುಗಳು ತಡೆದುಕೊಳ್ಳುತ್ತವಂತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ನನ್ನ ಕಥೆ. ಕೊಂದಿದ್ದು ನಾನು, ಬೈಸಿಕೊಂಡಿದ್ದು ಅಕ್ಕ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಅವಳ ಮೇಲಿನ ಸಿಟ್ಟು ಇಳಿಯಬೇಕಿತ್ತು. ಇನ್ನೂ ಏರಿತು. ಏಕೆಂದರೆ ಈಗ ಅವಳ ಮಾತು ನಿಜವಾಗಿತ್ತು.

ತಾಮ್ರ ಕುಡಿದ ಕಲ್ಲುಗಳನ್ನೆಲ್ಲ ತೆಂಗಿನ ಮರದ ಬುಡಕ್ಕೆ ಎಸೆದೆ. ಎರಡು ಮೀನುಗಳನ್ನು ಬಕೆಟ್ಟಿನ ಉಪ್ಪುನೀರಿನಲ್ಲಿ ಇಟ್ಟುಕೊಂಡು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆ. ಈ ಸಲ ಅವಸರ ಮಾಡಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನೀರಿನ ಉಪ್ಪು ಅಳೆಯುತ್ತಿದ್ದೆ. ಅಕ್ಕನಿಗೆ ವಿಷಯ ತಿಳಿಯದಿರಲಿ ಎಂದು ಅವಳ ರವಿಕೆಗಳನ್ನು ಗಂಡನ ಕೈಯಲ್ಲಿ ಕೊಟ್ಟು ಬೇಲೂರಿಗೆ ಕಳಿಸಿದೆ. ಒಂದು ವರ್ಷ ಕಳೆಯಿತು, ಎರಡಾಯಿತು. ಅಂಗಿಯ ಗುಂಡಿಯಷ್ಟಗಲದ ಹವಳ ಅಂಗೈ ಅಗಲವಾಯಿತು. ಹಸಿರು ಹುಲ್ಲಿನಂಥ ಒಂದು ಜಾತಿ ಕಲ್ಲಿನಿಂದ ಕಲ್ಲಿಗೆ ಹಬ್ಬಿತು. ದೀಪ ಹತ್ತಿದರೆ ಅಷ್ಟೂ ಅರಳುತ್ತಿತ್ತು. ಜಾವಗಲ್ಲಿನ ಅಜ್ಜಿ ಈಗ ನೆಂಟರನ್ನು ಕರೆತಂದು ತೋರಿಸುತ್ತಿದ್ದಳು. ನಾನು ಕಾಯುತ್ತಿದ್ದ ನೆಂಟಳು ಒಬ್ಬಳೇ.

ಕೊನೆಗೂ ಅವಳು ಬಂದಳು. ಜೊತೆಗೆ ಸೊಸೆಯನ್ನೂ ಕರೆತಂದಿದ್ದಳು, ರವಿಕೆಗೆ ಅಳತೆ ಕೊಡಿಸಲು. ಆ ಹುಡುಗಿಗೆ ನಾಲ್ಕು ತಿಂಗಳ ಹಿಂದೆ ಬಸಿರು ಇಳಿದಿತ್ತು. ಫೋನಿನಲ್ಲಿ ಕೇಳಿ ತಿಳಿದಿದ್ದೆ. ಟೇಪು ಹಿಡಿದಾಗ ನಾನೇ ಹೊಲಿದಿದ್ದ ಮದುವೆಯ ರವಿಕೆಯ ಅಳತೆಗಿಂತ ಎರಡು ಇಂಚು ಇಳಿದಿದ್ದಳು. ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡಿದ್ದಷ್ಟೇ. ಆ ದಿನ ನನ್ನ ಗಮನವೆಲ್ಲ ಅಕ್ಕನ ಮುಖದ ಮೇಲಿತ್ತು.

ಸೊಸೆ ತೊಟ್ಟಿಯ ಮುಂದೆ ಕೂತವಳು ಏಳಲೇ ಇಲ್ಲ. ಅಕ್ಕ ಅವಳ ಹಿಂದೆ ನಿಂತು ತುಂಬ ಹೊತ್ತು ನೋಡಿದಳು.

"ಒಂದ್ ತೊಟ್ಟೀಲಿ ಎಷ್ಟೊಂದು ಜೀವ. ನಿನ್ ಕೈಗುಣ ದೊಡ್ಡದು ಕಣೇ," ಅಂದಳು.

ನಾನು ಕಾದಿದ್ದ ಮಾತು ಅದೇ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಅದನ್ನು ಸಾರು ಚೆನ್ನಾಗಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಸೀಮಂತದ ದಿನದ್ದು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಆಡಿದವಳು ಮರೆತೇಬಿಟ್ಟಿದ್ದಳು. ಅವಳು ಮರೆತ ಮಾತನ್ನು ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದೆ. ಅದು ಗೊತ್ತಾದಾಗ ನನಗಾದ ರೋಷ, ಆ ಮಾತು ಕೇಳಿದ ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ಅಕ್ಕ ಆ ಹಸಿರು ಹುಲ್ಲಿನಂಥದ್ದನ್ನು ತೋರಿಸಿ ಕೇಳಿದಳು. "ಇದ್ರದ್ದೊಂದು ಕಡ್ಡಿ ಕೊಡೇ. ನಮ್ಮನೆ ತೊಟ್ಟೀಲಿ ಹಾಕ್ತೀನಿ."

ಗಿಡದ ಕಡ್ಡಿ ಕೇಳಿದವರಿಗೆ ಇಲ್ಲ ಅನ್ನಬಾರದು ಎನ್ನುತ್ತಾರೆ ನಮ್ಮಲ್ಲಿ. ದಾಸವಾಳ, ಮಲ್ಲಿಗೆ, ದೊಡ್ಡಪತ್ರೆ ಎಲ್ಲ ಹಾಗೆಯೇ ಮನೆಯಿಂದ ಮನೆಗೆ ಹೋಗುವುದು. ಅವಳು ಹವಳವನ್ನೂ ಗಿಡವೆಂದೇ ತಿಳಿದಿದ್ದಳು. ಅವಳ ಮನೆಯ ತೊಟ್ಟಿಯಲ್ಲಿರುವುದು ಸಿಹಿನೀರು. ಅದರಲ್ಲಿ ಇದು ಒಂದು ದಿನವೂ ಬದುಕುವುದಿಲ್ಲ. ಹೇಳಲು ಒಂದೇ ಒಂದು ಪದ ಸಾಕಿತ್ತು: ಉಪ್ಪು. ನಾನು ಕತ್ತರಿ ತಂದೆ.

"ನಮ್ಮನೇಲಿ ಬದುಕ್ತದೇನೇ?" ಅಂತಲೂ ಅವಳು ಕೇಳಿದಳು.

"ನೋಡ್ಕೊಳ್ಳೋರ ಕೈಗುಣ ಅಕ್ಕ," ಅಂದೆ.

ಅಂಗೈಯಷ್ಟು ತುಂಡನ್ನು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಅದರದೇ ನೀರು ತುಂಬಿ ಗಂಟು ಹಾಕಿದೆ. ಬಸ್‌ಸ್ಟ್ಯಾಂಡಿನವರೆಗೆ ನಾನೇ ಹೋದೆ. ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಅಕ್ಕನ ಎರಡು ಕೈಯಲ್ಲೂ ಬ್ಯಾಗುಗಳಿದ್ದವು. ಚೀಲವನ್ನು ಕಿಟಕಿಯಿಂದ ಸೊಸೆಯ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಇದಕ್ಕೆ ಊಟ ಏನು ಚಿಕ್ಕತ್ತೆ?"

"ಬೆಳಕು ಸಾಕು ಕಣಮ್ಮ," ಅಂದೆ. ಬಸ್ಸು ಹೊರಟಿತು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ಹೊಲಿಯುವಾಗಲೂ ಕಿವಿ ಫೋನಿನ ಕಡೆಗೇ ಇತ್ತು. ಅಕ್ಕ ಫೋನ್ ಮಾಡುತ್ತಾಳೆ, ನನ್ನ ಕೈಲಿ ಉಳೀಲಿಲ್ಲ ಕಣೇ ಅನ್ನುತ್ತಾಳೆ, ಅವಳು ಅಂದಿದ್ದನ್ನೇ ನಾನು ಮೆತ್ತಗೆ ತಿರುಗಿಸಿ ಅನ್ನುತ್ತೇನೆ. ಆ ವಾಕ್ಯವನ್ನು ಮಿಷನ್ನಿನ ಮುಂದೆ ಕೂತು ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದೆ.

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಕರಗೋಯ್ತು ಕಣೇ ಅದು," ಅಂದಳು ಅಕ್ಕ. "ನಾನ್ ಮುಟ್ಟೂ ಇಲ್ಲ. ಇದಾದ್ರೂ ಉಳ್ಸಲಿ ಅಂತ ಸೊಸೆಗೇ ಒಪ್ಪಿಸಿದ್ದೆ. ಮೂರ್ ದಿನ ತೊಟ್ಟಿ ಮುಂದೇನೇ ಕೂತಿದ್ಲು. ಏನ್ ಮಾಡೋದು ಹೇಳು. ಅವಳ ಕೈಲೂ ಏನೂ ಉಳಿಯಲ್ಲ."

ಅದೇ ಮೆತ್ತಗಿನ ದನಿ. ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಮಾತು ಮುಗಿಯುತ್ತಿದ್ದಂತೆ ಸದ್ದು ನಿಂತಿತು. ಹುಡುಗಿ ಅಲ್ಲೇ ಇದ್ದಳು. ಕೇಳಿಸಿಕೊಂಡಳು.

ನಾನು ಕಲಿತಿಟ್ಟುಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ.

"ಫೋನ್ ಅವಳಿಗೆ ಕೊಡಿ ಅಕ್ಕ," ಅಂದೆ.

"ಯಾಕೆ?"

"ಕೊಡಿ."

ಹುಡುಗಿ ಒದ್ದೆ ಕೈಯಲ್ಲೇ ಫೋನ್ ತೆಗೆದುಕೊಂಡಳೇನೋ, ಉಸಿರು ಹತ್ತಿರ ಕೇಳಿಸಿತು.

"ನೋಡಮ್ಮ, ಅದು ಸಮುದ್ರದ್ದು. ಉಪ್ಪುನೀರೇ ಬೇಕು ಅದಕ್ಕೆ. ನಿಮ್ಮನೆ ನೀರಲ್ಲಿ ಯಾರ ಕೈಲೂ ಉಳೀತಿರಲಿಲ್ಲ. ನಿನ್ ಕೈದೇನೂ ತಪ್ಪಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ನಿನ್ ಮೇಲಲ್ಲ, ನಿಮ್ಮತ್ತೆ ಮೇಲಿನ ಸಿಟ್ಟಿಗೆ."

ಅವಳು ಅಳಲಿಲ್ಲ. ಇಷ್ಟು ಕೇಳಿದಳು.

"ಮತ್ತೆ ನನ್ ಕೈಗ್ಯಾಕೆ ಕೊಟ್ರಿ ಚಿಕ್ಕತ್ತೆ?"