ಆಗದ ಔಷಧಿ ಎರಡು, ಆರಿಸಬಹುದಾದದ್ದು ಒಂದೇ

ನರ್ಸ್ ಶಬಾನಾ ಸೂಜಿ ಹಿಡಿದು, "ಅವ್ವಾ, ಪೆನ್ಸಿಲಿನ್ ಕೊಡ್ತೀನ್ರಿ, ಸ್ವಲ್ಪ ಉರೀತೈತೆ" ಅಂದದ್ದೇ ತಡ, ನನ್ನ ಅವ್ವ ತೋಳನ್ನು ಹಿಂದಕ್ಕೆಳೆದುಕೊಂಡಳು. ಪೆನ್ಸಿಲಿನ್, ಸಲ್ಫಾ ಎರಡೂ ಔಷಧಿ ಅವಳಿಗೆ ಆಗುವುದಿಲ್ಲ. ಹಿಂದೊಮ್ಮೆ ಪೆನ್ಸಿಲಿನ್ ಚುಚ್ಚಿಸಿಕೊಂಡು ಸಾಯುವಂತಾಗಿದ್ದಳು. ಚಳ್ಳಕೆರೆಯ ಆ ನರ್ಸಿಂಗ್ ಹೋಮ್‌ಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಕೌಂಟರಿನ ಹುಡುಗಿಗೆ ನಾವು ಎರಡನ್ನೂ ಹೇಳಿದ್ದೆವು. ಆದರೆ ಒಳಗೆ ಬಂದ ಚೀಟಿಯಲ್ಲಿ ಆಗದ ಔಷಧಿಯೆಂದು ಸಲ್ಫಾ ಮಾತ್ರ ಇತ್ತು.

ಕೌಂಟರಿಗೆ ಹೋಗಿ ಕೇಳಿದಾಗ ಹುಡುಗಿ ಗಾಬರಿಯಿಂದ ಪರದೆ ತೋರಿಸಿದಳು. ಪ್ರತಿ ಔಷಧಿಯ ಮುಂದೆ ಒಂದು ದುಂಡು ಗುಂಡಿ. ಪೆನ್ಸಿಲಿನ್ ಒತ್ತಿ, ಆಮೇಲೆ ಸಲ್ಫಾ ಒತ್ತಿದರೆ ಮೊದಲಿನ ಚುಕ್ಕೆ ತಾನಾಗಿ ಅಳಿಸಿಹೋಗುತ್ತಿತ್ತು. ಅವ್ವ ಅಳುತ್ತಿದ್ದ ಹುಡುಗಿಯ ಬೆನ್ನು ಸವರುತ್ತಾ, "ಒಬ್ರಿಗೇ ಒತ್ತು ಅನ್ನಾಕೆ ಇದೇನು ಓಟಾ ತಾಯಿ? ಎಷ್ಟು ಆಗಲ್ವೋ ಅಷ್ಟನ್ನೂ ಒತ್ತಂಗೆ ಮಾಡಾಕೆ ಹೇಳು" ಅಂದಳು. ಮುಂದಿನ ಸಲ ಹೋದಾಗ ಗುಂಡಿಗಳ ಜಾಗದಲ್ಲಿ ಚೌಕಗಳಿದ್ದವು. ಬೇಕಾದಷ್ಟಕ್ಕೆ ಗುರುತು ಹಾಕಬಹುದಿತ್ತು.

ಸೂಜಿ ತಪ್ಪಿದ ಆ ದಿನ, ಊರಿಗೆ ಮರಳುವ ಮೊಳಕಾಲ್ಮೂರಿನ ಬಸ್ಸಿನಲ್ಲಿ ಅವ್ವ ನನ್ನ ಹೆಗಲಿಗೊರಗಿ ನಿದ್ದೆಹೋದಳು. ನಾನು ದಾರಿಯುದ್ದಕ್ಕೂ ಅವಳ ಉಸಿರನ್ನೇ ಕೇಳಿಸಿಕೊಳ್ಳುತ್ತಾ ಕುಳಿತಿದ್ದೆ. ಇಂದಿಗೂ ಅವಳು ಮಧ್ಯಾಹ್ನ ಮಲಗಿದ್ದರೆ, ಏನೋ ನೆಪ ಮಾಡಿಕೊಂಡು ಹತ್ತಿರ ಹೋಗಿ ಒಂದು ಗಳಿಗೆ ನಿಲ್ಲುತ್ತೇನೆ.