ಎಸ್ ಒತ್ತಿದರೆ ಮೂಡಿದ ಸಾಲು

ಅದು ೨೦೦೭ನೇ ಇಸವಿಯ ದಸರಾ ರಜೆ. ತುಮಕೂರಿನ ಒಂದು ವಿದ್ಯಾಸಂಸ್ಥೆಯವರು ನನಗೊಂದು ಕೆಲಸ ಒಪ್ಪಿಸಿದ್ದರು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅವರ ಶಾಲೆಗಳಿದ್ದವು, ಮೂರೂ ಕಡೆ ಕಂಪ್ಯೂಟರ್ ಲ್ಯಾಬ್ ಇತ್ತು. ಒಟ್ಟು ಅರವತ್ತು ಕಂಪ್ಯೂಟರು. ಎಲ್ಲದಕ್ಕೂ ಹೊಸ ಬ್ರೌಸರ್ ಹಾಕಬೇಕು, ತೆರೆದ ಕೂಡಲೇ ಸಂಸ್ಥೆಯ ಪುಟವೇ ಕಾಣಬೇಕು, ಮಕ್ಕಳು ನೋಡಬಾರದ್ದು ತೆರೆಯಬಾರದು. ರಜೆ ಮುಗಿಯುವಷ್ಟರಲ್ಲಿ ಅರವತ್ತೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರಬೇಕು.

ನಾನು ಓದಿದ್ದು ಏಳನೇ ಕ್ಲಾಸು. ಅಮೃತೂರಿನಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಒಂದು ಬೆಳಗ್ಗೆ ಅದರ ಮುಂದೆ ನಿಂತೆ, ನಿಂತೇಬಿಟ್ಟೆ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆಮೇಲೆ ತುಮಕೂರಿಗೆ ಬಂದು ಟಿ.ವಿ. ಕಲಿತೆ, ಕಂಪ್ಯೂಟರ್ ಬಂದಾಗ ಅದನ್ನೂ ಬಿಚ್ಚಿ ಜೋಡಿಸಿ ಕಲಿತೆ. ಉಪ್ಪಾರಹಳ್ಳಿಯ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು ಕೈಹಾಕಿದ ಮಿಷಿನ್ನು ಅದೇ ದೂರಿಗೆ ಎರಡನೇ ಸಲ ನನ್ನ ಬಳಿ ಬಂದದ್ದಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಸಂಸ್ಥೆಯ ಕಾರ್ಯದರ್ಶಿಯವರು ಮೊದಲ ದಿನವೇ ನನ್ನನ್ನು "ಇಂಜಿನಿಯರ್ರೇ" ಎಂದು ಕರೆದರು. ಲ್ಯಾಬಿನ ಬೀಗ ತೆಗೆಯುತ್ತಾ, "ನೋಡಿ, ನಮ್ಮಲ್ಲಿ ಓದಿದೋರನ್ನೇ ಒಳಗೆ ಬಿಡೋದು. ಅರ್ಧಂಬರ್ಧ ಕಲ್ತೋರು ಬಂದು ಕೈಯಾಡ್ಸಿದ್ರೆ ಮಿಷಿನ್ನೂ ಹಾಳು, ಮಕ್ಕಳೂ ಹಾಳು" ಎಂದರು. ನಾನು ಸುಳ್ಳು ಹೇಳಲಿಲ್ಲ. ಆದರೆ ಅವರ ಮಾತನ್ನು ತಿದ್ದಲೂ ಇಲ್ಲ.

ನನ್ನ ಕೆಲಸದ ಕ್ರಮ ಹೀಗಿತ್ತು. ಮೊದಲು ಅಂಗಡಿಯಲ್ಲಿ ಒಂದು ಕಂಪ್ಯೂಟರಿಗೆ ಬ್ರೌಸರ್ ಹಾಕಿ, ವಾರವಿಡೀ ಬಳಸಿ, ಬೇಕಾದ ಹಾಗೆ ಹದ ಮಾಡಿದೆ. ಆ ಬ್ರೌಸರಿನ ಸೆಟ್ಟಿಂಗುಗಳೆಲ್ಲ ಒಂದು ಫೋಲ್ಡರಿನಲ್ಲಿ ಕೂತಿರುತ್ತವೆ. ಅದನ್ನು ಸಿ.ಡಿ.ಗೆ ಇಳಿಸಿಕೊಂಡರೆ ಉಳಿದ ಎಲ್ಲ ಮಿಷಿನ್ನಿಗೂ ಸುರಿಯಬಹುದು. ಹೆಪ್ಪು ಹಾಕಿದ ಹಾಗೆ, ಒಂದು ಚಮಚ ಮೊಸರು ಅರವತ್ತು ಪಾತ್ರೆ ಹಾಲಿಗೆ.

ಆ ವಾರ ಮಧ್ಯಾಹ್ನದ ಹೊತ್ತು, ಬೀದಿಯೆಲ್ಲ ತೂಕಡಿಸುವಾಗ, ಆ ಕಂಪ್ಯೂಟರಿನ ಮುಂದೆ ನಾನೊಬ್ಬನೇ ಕೂತಿರುತ್ತಿದ್ದೆ. ಪರದೆಯ ಬೆಳಕು ಕೆರೆಯ ನೀರಿನ ಹಾಗೆ ಗೋಡೆ ಮೇಲೆ ಅಲುಗುತ್ತಿತ್ತು. ಹುಡುಕುವ ಪೆಟ್ಟಿಗೆಯಲ್ಲಿ ಏನು ಬರೆದರೂ ಅದು ನಗುವುದಿಲ್ಲ, ಹುಬ್ಬು ಹಾರಿಸುವುದಿಲ್ಲ. ಮನುಷ್ಯರ ಮುಂದೆ ಎಂದೂ ಕೇಳದಿದ್ದ ಒಂದು ಪ್ರಶ್ನೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಕೂಡಿಸಿ ಟೈಪು ಮಾಡಿದೆ. 'ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಏಳನೇ ಕ್ಲಾಸು ಬಿಟ್ಟವರು ವಯಸ್ಸು ಮೂವತ್ತೆಂಟು.' ಕಟ್ಟಬಹುದು ಎಂದು ಉತ್ತರ ಬಂತು. ಮಾರನೇ ದಿನವೂ ಅದನ್ನೇ ಕೇಳಿದೆ. ಕಣ್ಣು ಮುಚ್ಚಿದರೆ ಬೆಂಚಿನ ಮೇಲೆ ನನ್ನ ಮೊಣಕಾಲು ಹಿಡಿಸದೆ ಒದ್ದಾಡುವುದು ಕಾಣುತ್ತಿತ್ತು. ನಗು ಬರುತ್ತಿತ್ತು, ಎದ್ದು ಕೆಲಸಕ್ಕೆ ಹೋಗುತ್ತಿದ್ದೆ.

ರಜೆ ಶುರುವಾದ ಮೇಲೆ ತುಮಕೂರು ಮುಗಿಸಿದೆ, ಗುಬ್ಬಿ ಮುಗಿಸಿದೆ. ಖಾಲಿ ಲ್ಯಾಬಿನಲ್ಲಿ ಇಪ್ಪತ್ತು ಪರದೆಗಳ ಮೇಲೆ ಹಸಿರು ಪಟ್ಟಿ ಒಟ್ಟೊಟ್ಟಿಗೆ ತುಂಬುತ್ತಾ ಹೋಗುವುದನ್ನು ನೋಡುತ್ತಾ ಕೂತರೆ, ಫ್ಯಾನುಗಳ ಗುಂಯ್‌ ಸದ್ದಿನಲ್ಲಿ ನಾನೆಲ್ಲೋ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು. ಹಬ್ಬ ಕಳೆದ ಮೇಲೆ ಕುಣಿಗಲ್ಲಿಗೆ ಹೋದೆ. ಸೋಮವಾರ ಶಾಲೆ ಶುರು. ಶನಿವಾರ ಮಧ್ಯಾಹ್ನಕ್ಕೆ ಕೊನೆಯ ಮಿಷಿನ್ನೂ ಮುಗಿಯಿತು.

ಅಲ್ಲಿನ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಶೈಲಜಾ ಮೇಡಂ. ಪರೀಕ್ಷೆ ಮಾಡೋಣವೆಂದು ಒಂದು ಕಂಪ್ಯೂಟರಿನ ಮುಂದೆ ಕೂತು ಏನನ್ನೋ ಹುಡುಕಲು ಎಸ್ ಅಕ್ಷರ ಒತ್ತಿದರು. ಪೆಟ್ಟಿಗೆಯ ಕೆಳಗೆ ಒಂದು ಸಾಲು ತಾನಾಗಿ ಮೂಡಿತು. ಅವರು ಪಕ್ಕದ ಮಿಷಿನ್ನಿಗೆ ಹೋದರು, ಎಸ್ ಒತ್ತಿದರು. ಅಲ್ಲೂ ಅದೇ.

"ಇದು ಎಲ್ಲದರಲ್ಲೂ ಇದೆಯಲ್ಲ ಸಾರ್" ಎಂದರು. ಓದಿದರು. ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. "ನಿಮ್ಮ ಅಂಗಡಿಯಲ್ಲಿ ಯಾರೋ ಕೂತು ಟೈಪ್ ಮಾಡಿರ್ಬೇಕು. ಅದೂ ಸಿ.ಡಿ.ಲಿ ಬಂದುಬಿಟ್ಟಿದೆ."

"ಹೌದು ಮೇಡಂ, ಯಾರೋ" ಎಂದೆ.

"ಪಾಪ, ಓದೋ ಆಸೆ ಇರೋರು ಯಾರೋ" ಎಂದು ಅವರು ಟೀ ತರಿಸಲು ಎದ್ದು ಹೋದರು.

ಟೈಪು ಮಾಡಿದ್ದೆಲ್ಲ ಸೆಟ್ಟಿಂಗುಗಳ ಜೊತೆ ಅದೇ ಫೋಲ್ಡರಿನಲ್ಲಿ ನೆನಪಾಗಿ ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಪುಸ್ತಕ ಓದಿ ಕಲಿತವನಿಗೆ ಗೊತ್ತಿರುತ್ತಿತ್ತೋ ಏನೋ. ನನ್ನ ಗುಟ್ಟನ್ನು ನಾನೇ ಕೈಯಾರೆ ಮೂರು ಊರಿನ ಅರವತ್ತು ಕಿಟಕಿಗಳಲ್ಲಿ ತೂಗುಹಾಕಿ ಬಂದಿದ್ದೆ. ಸೋಮವಾರ ಬೆಳಗ್ಗೆ ಕಾರ್ಯದರ್ಶಿಯವರೇ ತುಮಕೂರಿನ ಲ್ಯಾಬಿಗೆ ಬಂದು ನೋಡುವವರಿದ್ದರು. ಆ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಆದರೆ ಸಿ.ಡಿ. ನನ್ನದು, ವಯಸ್ಸು ನನ್ನದು. ಅವರೇನು ದಡ್ಡರಲ್ಲ.

ಕುಣಿಗಲ್ಲಿನ ಇಪ್ಪತ್ತನ್ನೂ ಅಲ್ಲೇ ಅಳಿಸಿದೆ. ಟೀ ಕುಡಿಯಲಿಲ್ಲ. ತುಮಕೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತೆ. ಹೊರಗೆ ರಾಗಿ ಹೊಲ, ಬಂಡೆ, ತೆಂಗಿನ ಸಾಲು ಹಿಂದಕ್ಕೆ ಹೋಗುತ್ತಿದ್ದವು. ಅರೆನಿದ್ದೆಯಲ್ಲಿ ಆ ಹೊಲಗಳ ಮೇಲೆಲ್ಲ ನನ್ನ ಸಾಲನ್ನೇ ಯಾರೋ ಬಿತ್ತಿದ್ದಾರೆ, ಮೊಳಕೆ ಬರುತ್ತಿದೆ ಎಂಬ ಕನಸು. ಸಂಜೆ ಬೆಳಕು ಆರುವ ಮುಂಚೆ ತುಮಕೂರಿನ ಲ್ಯಾಬನ್ನೂ ಮುಗಿಸಿದೆ. ಉಳಿದದ್ದು ಗುಬ್ಬಿ.

ಭಾನುವಾರ ಬೆಳಗ್ಗೆ ಗುಬ್ಬಿಯಲ್ಲಿ ಇಳಿದಾಗ ಮಂಜು ಮುಸುಕಿತ್ತು. ಶಾಲೆಯ ಗೇಟು ಎಲ್ಲಿದೆಯೆಂದು ತಡಕಿಕೊಂಡು ಹೋಗುವ ಹಾಗಿತ್ತು. ಅಲ್ಲಿನ ಆಯಾ ಗೌರಮ್ಮ ಜಗುಲಿ ಗುಡಿಸುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

"ಏನ್ ಸಾ, ಭಾನುವಾರನೂ ಬಂದ್ರಿ? ಮನೇಲಿ ಬೈದು ಅಟ್ಟುದ್ರಾ?"

"ಚೂರು ಕೆಲಸ ಉಳಿದಿತ್ತು ಗೌರಮ್ಮ" ಎಂದೆ.

ಲ್ಯಾಬು ತೆರೆದರೆ ಒಳಗೆ ಬಾಡಿದ ಚೆಂಡುಹೂವಿನ ವಾಸನೆ. ಆಯುಧಪೂಜೆ ಮಾಡಿದ್ದರು. ಪ್ರತಿ ಮಾನಿಟರಿನ ನೆತ್ತಿಗೂ ಅರಿಸಿನ ಕುಂಕುಮ. ಮೂಲೆಯ ಕಂಪ್ಯೂಟರಿಗೆ ಮಾತ್ರ ದೊಡ್ಡ ಹಾರ. ನಾನು ಒಂದೊಂದಾಗಿ ಅಳಿಸುತ್ತಾ ಬಂದೆ. ಗೌರಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮೂಲೆಯ ಕಂಪ್ಯೂಟರಿಗೆ ಬಂದಾಗ ಒಳಗೆ ಬಂದರು.

"ಅದೊಂದ್ನ ಬುಟ್ಬುಡಿ ಸಾ. ನಾನಿನ್ನೂ ಬರ್ಕಂಡಿಲ್ಲ."

"ಏನನ್ನ?"

"ಅದೇ, ನೀವು ಹಾಕಿದ್ರಲ್ಲ, ಎಸ್ಸೆಸ್ಸೆಲ್ಸಿದು. ಅಳಿಸ್ತಾ ಇದೀರಲ್ಲ, ಅದು."

ನಾನು ಮೌಸು ಬಿಟ್ಟು ಅವರತ್ತ ತಿರುಗಿದೆ. ಗೌರಮ್ಮ ನಾಚಿಕೊಂಡು ಹೇಳಿದರು. ಪೂಜೆ ದಿನ ಮೇಷ್ಟ್ರು ಮಂಗಳಾರತಿ ಎತ್ತಿ ಹೋದ ಮೇಲೆ ಇವರೊಬ್ಬರೇ ಲ್ಯಾಬಿನಲ್ಲಿ ಉಳಿದರಂತೆ. "ನಿಂತಿರೋ ಮಿಷಿನ್ಗೆ ಪೂಜೆ ಮಾಡುದ್ರೆ ಏನ್ ಬಂತು ಸಾ, ಓಡ್ತಾ ಇರ್ಬೇಕು. ನೀವು ಹೆಂಗ್ ಆನ್ ಮಾಡ್ತೀರ ಅಂತ ಅವತ್ತು ನೋಡ್ಕಂಡಿದ್ದೆ. ಆನ್ ಮಾಡಿ, ನಿಮ್ ಆ ಪೆಟ್ಗೇಲಿ ಒಂದಕ್ಷರ ಒತ್ತುವಾ ಅನ್ನುಸ್ತು. ನಮ್ಮೆಜಮಾನ್ರ ಹೆಸ್ರಿನ ಅಕ್ಷರ ಒತ್ತುದೆ. ಬಾಯಲ್ಲಿ ಹೇಳ್ಬಾರ್ದು, ಕೈಯಲ್ಲಿ ಒತ್ತುದ್ರೆ ದೋಷ ಇಲ್ವಲ್ಲ."

ಅವರ ಯಜಮಾನರ ಹೆಸರು ಸಿದ್ದಣ್ಣ ಎಂದು ನನಗೆ ಆಮೇಲೆ ಬೇರೆಯವರಿಂದ ಗೊತ್ತಾಯಿತು.

"ಒತ್ತುತ್ಲೂ ಈ ಸಾಲು ಬಂತು. ನಾನೂ ಏಳ್ನೇ ಕ್ಲಾಸು ಸಾ. ಇಂಗ್ಲಿಷ್ ಅಕ್ಷರ ಗೊತ್ತು, ಕೂಡ್ಸಿ ಕೂಡ್ಸಿ ಓದುದ್ರೆ ನಮ್ ಕನ್ನಡನೇ. ಮೈ ಜುಂ ಅಂತು. ನಮ್ಮಂಥೋರು ಕಸ ಗುಡ್ಸಕ್ಕೆ ಬಂದಾಗ ನೋಡ್ಲಿ ಅಂತ ಇಂಜಿನಿಯರ್ ಸಾಹೇಬ್ರು ಬೇಕಂತಲೇ ಹಾಕವ್ರೆ ಅನ್ಕಂಡೆ. ನೋಡಿ, ಎಂಥಾ ಮನುಷ್ರು ಅನ್ಕಂಡೆ."

ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಇಷ್ಟು ದಿನ ಜನ ಕೊಟ್ಟ ಹೆಸರನ್ನು ಸುಮ್ಮನೆ ಇಟ್ಟುಕೊಂಡವನಿಗೆ ಇದೊಂದು ಹೆಚ್ಚಾಗುತ್ತಿರಲಿಲ್ಲ. ಕಿಟಕಿಯ ಆಚೆ ಮಂಜು ಹಾಗೇ ನಿಂತಿತ್ತು, ತೆಂಗಿನ ಮರಗಳಿಗೆ ಬುಡವೇ ಇರಲಿಲ್ಲ, ಬರೀ ತಲೆ. ಲೋಕದಲ್ಲಿ ನಾವಿಬ್ಬರೇ ಎಚ್ಚರವಾಗಿದ್ದೇವೆ ಅನ್ನಿಸಿತು.

"ಅದು ನಂದು ಗೌರಮ್ಮ" ಎಂದೆ. "ನಾನೇ ಕೇಳ್ಕೊಂಡಿದ್ದು, ನನಗೋಸ್ಕರ. ತಪ್ಪಿ ಎಲ್ಲಾ ಕಡೆ ಹೋಗ್ಬಿಟ್ಟಿದೆ. ನಾನು ಇಂಜಿನಿಯರ್ ಅಲ್ಲ. ನಂದೂ ಏಳ್ನೇ ಕ್ಲಾಸು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಇಸ್ತ್ರಿ ಅಂಗಿ, ಜೇಬಿನ ಪೆನ್ನು, ಕೈಯಲ್ಲಿದ್ದ ಸಿ.ಡಿ. ಎಲ್ಲ ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಅಯ್ಯೋ ನಿಮ್ಮ, ಈ ಪೆನ್ನು ಯಾಕ್ ಸಾ ಮತ್ತೆ?" ನಗು ನಿಂತ ಮೇಲೆ ಕೇಳಿದರು, "ಕಟ್ಟಬೌದಂತಾ?"

"ಕಟ್ಟಬಹುದಂತೆ. ಯಾವುದಾದ್ರೂ ಹೈಸ್ಕೂಲಲ್ಲಿ ಅರ್ಜಿ ಕೊಡ್ಬೇಕಂತೆ."

"ನಾನು ಕಟ್ತೀನಿ. ನೀವು?"

ಇಷ್ಟು ವಾರಗಳಿಂದ ನನಗೇ ನಾನು ಕೊಡದಿದ್ದ ಉತ್ತರವನ್ನು ಪೊರಕೆ ಹಿಡಿದ ಹೆಂಗಸೊಬ್ಬರು ನಿಂತ ನಿಲುವಿನಲ್ಲಿ ಕೇಳುತ್ತಿದ್ದರು. "ಕಟ್ತೀನಿ" ಎಂದೆ. ಮೂಲೆಯ ಕಂಪ್ಯೂಟರಿನ ಸಾಲನ್ನು ಅಳಿಸಲಿಲ್ಲ.

ಸೋಮವಾರ ಕಾರ್ಯದರ್ಶಿಯವರು ಬಂದು ನಾಲ್ಕೈದು ಮಿಷಿನ್ ತೆರೆದು ನೋಡಿ, "ಭೇಷ್ ಇಂಜಿನಿಯರ್ರೇ" ಎಂದರು. ಗುಬ್ಬಿಯಲ್ಲಿ ಒಂದು ಸಲ ಹೇಳಿದ್ದರಿಂದಲೋ ಏನೋ, ಬಾಯಿ ತಾನಾಗಿ ತೆರೆಯಿತು. "ಸಾರ್, ನಾನು ಇಂಜಿನಿಯರ್ ಅಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನು."

ಅವರು ಇನ್ನೊಂದು ಮಿಷಿನ್ ತೆರೆದು ನೋಡಿದರು. "ಇವೆಲ್ಲ ಓಡ್ತಾವಲ್ಲ?" ಎಂದರು.

"ಓಡ್ತಾವೆ ಸಾರ್."

"ಸರಿ ಮತ್ತೆ" ಎಂದು ಎದ್ದು ಹೋದರು. ಅವರಿಗೆ ಸಿಟ್ಟು ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮತ್ತೆಂದೂ ಇಂಜಿನಿಯರ್ರೇ ಎನ್ನಲಿಲ್ಲ. ಆದರೆ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳಲೂ ಇಲ್ಲ.

ನಾನು ಮತ್ತು ಗೌರಮ್ಮ ಇಬ್ಬರೂ ಮುಂದಿನ ಪರೀಕ್ಷೆಗೆ ಕೂತೆವು. ಬೆಂಚಿಗೆ ನನ್ನ ಮೊಣಕಾಲು ನಿಜವಾಗಿಯೂ ಹಿಡಿಸಲಿಲ್ಲ. ಬೇಸಿಗೆಯಲ್ಲಿ ಫಲಿತಾಂಶ ಬಂದ ದಿನ ಗುಬ್ಬಿಯ ಅದೇ ಮೂಲೆಯ ಕಂಪ್ಯೂಟರಿನಲ್ಲಿ ನೋಡಿದೆವು. ಅವರು ಪಾಸು. ನಾನು ಗಣಿತದಲ್ಲಿ ಹೋಗಿದ್ದೆ. "ಎಲ್ಲಿ ಹೋಯ್ತದೆ ಬುಡಿ, ಇನ್ನೊಂದ್ಸಲ ಕಟ್ಟಿ" ಎಂದು ನನಗೇ ಅವರು ಸಮಾಧಾನ ಹೇಳಿದರು. ಎರಡನೇ ಸಲ ಕಟ್ಟಿ ಪಾಸಾದೆ.

ಆ ಮೊದಲ ಫಲಿತಾಂಶದ ದಿನ ಗೌರಮ್ಮ ಟೀ ತರಲು ಹೋದಾಗ, ಸೋತ ಮುಖ ಹೊತ್ತು ಸುಮ್ಮನೆ ಎಸ್ ಒತ್ತಿದೆ. ನನ್ನ ಹಳೆಯ ಸಾಲು ಮೂಡಿತು. ಅದರ ಕೆಳಗೆ ನಾನು ಬರೆಯದ ಇನ್ನೂ ನಾಲ್ಕು ಸಾಲುಗಳಿದ್ದವು. 'ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಐದನೇ ಕ್ಲಾಸು ಓದಿದವರು.' 'ಎಸ್ಸೆಸ್ಸೆಲ್ಸಿ ಡ್ರೈವರ್ ವಯಸ್ಸು ನಲವತ್ತಾರು.' ಹೀಗೆ. ಶಾಲೆಯ ವ್ಯಾನಿನವರು, ಅಡುಗೆಯವರು, ಯಾರ್ಯಾರನ್ನೋ ಗೌರಮ್ಮ ಕೈಹಿಡಿದು ಆ ಮೂಲೆಗೆ ಕರೆತಂದು ಕೂರಿಸಿದ್ದರು.

ಆ ಮಿಷಿನ್ನುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಈಗ ಎಲ್ಲೇ ಬ್ರೌಸರ್ ಹಾಕಿದರೂ ಫೋಲ್ಡರನ್ನು ಮೊದಲು ತೊಳೆದೇ ಪೆನ್‌ಡ್ರೈವಿಗೆ ಇಳಿಸುತ್ತೇನೆ. ಆದರೂ ಕೆಲಸ ಮುಗಿದ ಮೇಲೆ, ಯಾರೂ ನೋಡದಿದ್ದಾಗ, ಒಂದು ಸಲ ಎಸ್ ಒತ್ತಿ ಅರೆಗಳಿಗೆ ಕಾಯುತ್ತೇನೆ. ಏನೂ ಬರುವುದಿಲ್ಲ. ಬರಬೇಕಾದವರು ಬಂದು ಆ ಖಾಲಿ ಪೆಟ್ಟಿಗೆಯಲ್ಲಿ ತಮ್ಮ ಪ್ರಶ್ನೆ ಬರೆದುಕೊಳ್ಳಲಿ ಎಂದು ಎದ್ದು ಬರುತ್ತೇನೆ.