ನೋಟಿಸ್ ಬೋರ್ಡಿನ ಮೇಲೆ ಹೇಮಂತನ ಮದುವೆ

ಕೊರೊನಾ ಗಲಾಟೆ ಮುಗಿದು ಸರ್ಕಾರಿ ಕಚೇರಿಗಳು ಮೊದಲಿನ ಹಾಗೆ ಗಿಜಿಗುಡತೊಡಗಿದ ಮೇಲಿನ ಎರಡನೇ ವರ್ಷ. ನಾನು ಆಗ ಉಪನೋಂದಣಾಧಿಕಾರಿ, ಅಂದರೆ ಜನ ಹೇಳುವ ಸಬ್ ರಿಜಿಸ್ಟ್ರಾರ್. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಸುತ್ತಲೇ ನನ್ನ ಸರ್ವಿಸಿನ ಬಹುಪಾಲು ಕಳೆದಿದೆ. ಈ ಪ್ರಕರಣ ಅವುಗಳಲ್ಲಿ ಯಾವ ಕಡೆ ನಡೆಯಿತೆಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿರುವುದು ನನ್ನ ತಪ್ಪನ್ನು ಮಾತ್ರ.

ಸಬ್ ರಿಜಿಸ್ಟ್ರಾರ್ ಎಂದರೆ ಜನರಿಗೆ ನೆನಪಾಗುವುದು ಜಮೀನಿನ ಕ್ರಯಪತ್ರ. ಆದರೆ ನಾವು ವಿವಾಹಾಧಿಕಾರಿಗಳೂ ಹೌದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಮೊದಲು ನೋಟಿಸು ಕೊಡಬೇಕು. ಅದನ್ನು ಬೋರ್ಡಿನ ಮೇಲೆ ಹಾಕಿ ಮೂವತ್ತು ದಿನ ಕಾಯುತ್ತೇವೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಕಾರಣ ಕಾಯ್ದೆಯಲ್ಲಿ ಹೇಳಿದ್ದೇ ಆಗಿರಬೇಕು. ವಯಸ್ಸು ಸಾಲದು, ಹತ್ತಿರದ ರಕ್ತಸಂಬಂಧ, ಕಟ್ಟಿಕೊಂಡವಳು ಬದುಕಿದ್ದಾಳೆ, ಇಂಥವು. ಜಾತಿ ಬೇರೆ, ದೇವರು ಬೇರೆ, ಅಪ್ಪನಿಗೆ ಇಷ್ಟವಿಲ್ಲ ಎಂಬುದೆಲ್ಲ ಕಾಯ್ದೆಗೆ ಬೇಡ. ಬೆಂಗಳೂರಿನಲ್ಲಿ ಅರ್ಜಿ ಹಾಕುವ ಹುಡುಗರಿಗೆ ಗೊತ್ತಿಲ್ಲದ ಇನ್ನೊಂದು ಕಲಮು ಇದೆ. ಅವರ ಖಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿ ಅಂಚೆಯಲ್ಲಿ ಅಲ್ಲಿಗೂ ಹೋಗುತ್ತದೆ, ಅಲ್ಲಿಯ ಬೋರ್ಡಿಗೂ ಏರುತ್ತದೆ.

ಅಲ್ಲಿಗೆ ಗುಟ್ಟು ಮುಗಿದ ಹಾಗೆಯೇ. ಬೆಂಗಳೂರಿನಲ್ಲಿ ಅಂಥ ಬೋರ್ಡನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ನಮ್ಮಲ್ಲಿ ಕ್ರಯಕ್ಕೋ ಪಾಲುಪತ್ರಕ್ಕೋ ಬಂದ ಹತ್ತು ಊರಿನ ಜನ ಸರ್ವರ್ ಬರಲೆಂದು ಅರ್ಧ ದಿನ ಬೋರ್ಡಿನೆದುರು ಕೂತಿರುತ್ತಾರೆ. ಓದಲು ಅಲ್ಲಿ ಬೇರೇನೂ ಇರುವುದಿಲ್ಲ.

ಬೆಂಗಳೂರಿನಿಂದ ಬಂದ ಆ ಪ್ರತಿಯಲ್ಲಿ ವರ ಹೇಮಂತ್, ಇಪ್ಪತ್ತೆಂಟು ವರ್ಷ, ಜಿಮ್ ಟ್ರೈನರ್, ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲು ಮನೆಯವನು. ವಧು ನಾಜ್ನೀನ್, ಇಪ್ಪತ್ತಾರು, ಫಿಸಿಯೋಥೆರಪಿಸ್ಟ್, ಶ್ರೀರಂಗಪಟ್ಟಣದವಳು. ಇಬ್ಬರ ಹೆಸರಿನ ಮುಂದೆಯೂ 'ಅವಿವಾಹಿತ' ಎಂದು ಬರೆದಿತ್ತು. ಓದಿ ನನಗೆ ರೇಗಿತು. ಧರ್ಮ ಬೇರೆಯೆಂದಲ್ಲ. ಬೆಂಗಳೂರಿಗೆ ಹೋದ ಮಕ್ಕಳು ಯಾರ ಜೊತೆ ಬೇಕಾದರೂ ಇದ್ದು, ಕೊನೆಗೆ ಕಾಗದ ಮಾತ್ರ ನಮ್ಮ ಮೇಜಿಗೆ ತಂದು ಬಿಸಾಕುತ್ತಾರೆ ಎಂಬ ಸಿಟ್ಟು ನನಗೆ ಮೊದಲಿನಿಂದ ಇತ್ತು. ನನ್ನ ಕೋಪ ಇಲಾಖೆಯಲ್ಲಿ ಹೆಸರುವಾಸಿ. ಕಚೇರಿಯೆದುರಿನ ಪತ್ರಬರಹಗಾರ ಶಿವಲಿಂಗು ಬೋರ್ಡಿನ ಫೋಟೋ ತೆಗೆದುಕೊಂಡಿದ್ದನ್ನು ಕಿಟಕಿಯಿಂದ ನೋಡಿದೆ. ಅದು ಸಂಜೆಯೊಳಗೆ ಯಾವ ಮನೆ ತಲುಪುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದೆ. ಅನುಭವಿಸಲಿ ಅಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿ ಮುಂದೆ ಬಿಳಿ ಕಾರು ನಿಂತಿತು. ಇಳಿದವರು ಹೇಮಂತನ ದೊಡ್ಡಪ್ಪ ಬೋರೇಗೌಡ, ಹಿಂದೆ ಇಬ್ಬರು ನೆಂಟರು, ಮಧ್ಯೆ ತಲೆ ಬಗ್ಗಿಸಿಕೊಂಡ ಒಬ್ಬ ಹುಡುಗಿ. ಅವಳು ಪಲ್ಲವಿ, ಇಪ್ಪತ್ತೈದು ವರ್ಷ, ಊರು ತೊಣ್ಣೂರಿನ ಕಡೆ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೋರೇಗೌಡರು ಕುರ್ಚಿ ಎಳೆದುಕೊಂಡು ಕೂತರು. ಅವಳು ನಿಂತೇ ಇದ್ದಳು.

"ಇವ್ಳು ನಮ್ ಸೊಸೆ ಕಣವ್ವ. ಎರಡ್ ವರ್ಸದಿಂದ ಬೆಂಗ್ಳೂರ್ನಾಗೆ ಸಂಸಾರ ಮಾಡ್ತಾವ್ರೆ. ಕಟ್ಕಂಡೋಳು ಬದ್ಕಿರೋವಾಗ ಅವ್ನು ಅದೆಂಗೆ ಇನ್ನೊಂದಾಯ್ತಾನೆ? ತಕಳಿ, ತಕರಾರು ಬರ್ಸ್ಕೊಂಡೇ ಬಂದಿವ್ನಿ" ಎಂದು ಟೈಪು ಮಾಡಿದ ಆಕ್ಷೇಪಣೆಯನ್ನು ಮೇಜಿನ ಮೇಲೆ ಇಟ್ಟರು. ಜೊತೆಗೆ ಪುರಾವೆ: ಒಂದು ಗುಡಿಯ ಮುಂದೆ ಹೇಮಂತ್ ಪಲ್ಲವಿಗೆ ತಾಳಿ ಕಟ್ಟುತ್ತಿರುವ ಫೋಟೋ, ಮತ್ತು ಬಾಡಿಗೆ ಕರಾರಿನ ಕಾಗದಗಳು. ಮೇಲಿದ್ದ ಕರಾರಿನಲ್ಲಿ 'ಹೇಮಂತ್ ಹಾಗೂ ಅವರ ಧರ್ಮಪತ್ನಿ ಪಲ್ಲವಿ' ಎಂದು ಸ್ಪಷ್ಟವಾಗಿತ್ತು.

"ಯಾವಾಗ ಮನೆ ತುಂಬಿಸಿಕೊಂಡ್ರಿ ಈ ಸೊಸೇನ?" ಎಂದು ಕೇಳಿದೆ. ಬೋರೇಗೌಡರು ಮುಖ ತಿರುಗಿಸಿದರು. ಪಲ್ಲವಿಯೇ ತಗ್ಗಿದ ದನಿಯಲ್ಲಿ ಹೇಳಿದಳು, "ಹೋದ್ವರ್ಸ ಅವ್ರ ಮನೇಗೆ ಹೋಗಿದ್ದೆ ಮೇಡಂ. ಗೇಣು ಜಮೀನಿಲ್ದೋರ ಮನೆ ಹೆಣ್ಣು ಅಂತ ಬಾಗ್ಲಿಂದ್ಲೇ ಕಳಿಸಿದ್ರು."

ಅರ್ಥವಾಯಿತು. ಸಾಬರ ಹುಡುಗಿ ಬರುವುದಕ್ಕಿಂತ ಜಮೀನಿಲ್ಲದ ಸ್ವಜಾತಿಯ ಹುಡುಗಿ ಇವರಿಗೆ ಈಗ ವಾಸಿ ಎನಿಸಿತ್ತು. ನೆನ್ನೆಯವರೆಗೆ ಬೇಡವಾದವಳನ್ನು ಇವತ್ತು ಕಾರಿನಲ್ಲಿ ಕೂರಿಸಿಕೊಂಡು ತಂದಿದ್ದರು. ಪಲ್ಲವಿ 'ಹೌದು, ನಾನು ಹೆಂಡತಿ' ಎಂದು ನನ್ನೆದುರು ಸಹಿ ಹಾಕಿದರೆ ಆಕ್ಷೇಪಣೆ ಬೆಂಗಳೂರಿಗೆ ಹೋಗುತ್ತದೆ, ವಿಚಾರಣೆಯಾಗುತ್ತದೆ, ಮದುವೆ ನಿಲ್ಲುತ್ತದೆ. ಹೇಮಂತ್ ಅವಳಿಗೆ ಉಳಿಯುತ್ತಾನೆ, ಅಥವಾ ಉಳಿದ ಹಾಗೆ ಕಾಣುತ್ತಾನೆ. 'ಅಲ್ಲ' ಎಂದರೆ ಅವನೂ ಇಲ್ಲ, ಎರಡು ವರ್ಷದ ಸಂಸಾರವೂ ಇಲ್ಲ.

ಬೇರೆಯವರನ್ನೆಲ್ಲ ಹೊರಗೆ ಕಳಿಸಿ ಅವಳನ್ನು ಕೂರಿಸಿದೆ. "ಮದುವೆ ಯಾರು ಮಾಡಿಸಿದ್ದು?"

"ಯಾರೂ ಇಲ್ಲ. ಮದ್ವೆ ಆಗ್ದಿರೋರ್ಗೆ ಮನೆ ಕೊಡಲ್ಲ ಅಂದ್ಬುಟ್ರು ಮೇಡಂ. ಐದಾರ್ ಕಡೆ ಕೇಳುದ್ವಿ. ಕೊನೇಗೆ ಒಬ್ರು ಮದ್ವೆ ಫೋಟೋ ತೋರ್ಸಿ ಅಂದ್ರು. ಅದ್ಕೇ ಅರಿಶಿನದ ಕೊಂಬು, ದಾರ ತಗೊಂಡು ಗುಡೀಗೆ ಹೋದ್ವಿ. ಹೂವಿನ ಹಾರ ಅಲ್ಲೇ ಸಿಕ್ತು. ಅವ್ನ ಫ್ರೆಂಡು ಫೋಟೋ ತೆಗ್ದ. ಆಮೇಲೆ ಮೂರೂ ಜನ ದೋಸೆ ತಿಂದು ಬಂದ್ವಿ."

"ಈಗ ಕತ್ತಲ್ಲಿರೋದು?"

"ಅದೇ. ಅವ್ನು ಬಿಚ್ಚಿಡು ಅಂದ. ನಾನು ಬಿಚ್ಚಲಿಲ್ಲ. ದಾರ ಹಳೇದಾದ್ರೆ ಹೊಸ್ದು ಹಾಕ್ಕೊತೀನಿ." ಇಷ್ಟು ಹೇಳಿ ಅತ್ತಳು.

ದೊಡ್ಡ ಊರಿನಲ್ಲಿ ತಲೆಯ ಮೇಲೊಂದು ಸೂರಿಗಾಗಿ ತಾಳಿಯ ನಾಟಕವಾಡುವ ಇವಳ ಬುದ್ಧಿಗೆ ಕೋಪ ಬಂತು, ಆಡಿಸಿ ಕೈ ತೊಳೆದುಕೊಂಡವನ ಮೇಲೆ ಅದರ ಹತ್ತರಷ್ಟು ಬಂತು. ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಕಥನಕ್ಕೆ ಅರ್ಥವಿಲ್ಲ.

"ಗುಡಿಯಲ್ಲಿ ಕಟ್ಟಿದ್ದು ತಾನೇ? ಅಷ್ಟೇ ಬರಿ. ಮನೆ, ಮಾಲೀಕ, ಅದೆಲ್ಲ ಯಾರು ಕೇಳ್ತಾರೆ?" ಎಂದೆ.

ಹಲವು ವರ್ಷ ಆ ಕುರ್ಚಿಯಲ್ಲಿ ಕೂತವಳು ಒಂದು ಸುಳ್ಳನ್ನು ಹೇಗೆ ಬರೆಯಬೇಕೆಂದು ಹೇಳಿಕೊಟ್ಟೆ. ಅವನ ಮದುವೆ ನಿಲ್ಲಲಿ, ಅವನ ಮುಖ ಇಂಗು ತಿಂದ ಮಂಗನ ಹಾಗಾಗಲಿ, ನನಗೆ ಬೇಕಾಗಿದ್ದು ಅಷ್ಟೇ.

ಪಲ್ಲವಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ಅಂಗೆ ಬರುದ್ರೆ ಅವ್ನು ನನ್ ಜೊತೆ ಬತ್ತಾನಾ ಮೇಡಂ?"

"ಬರಲಿ, ಬಿಡಲಿ. ಅವನ ಮದುವೆಯಂತೂ ಆಗಲ್ಲ."

ಹೊರಗೆ ಬೋರೇಗೌಡರು ಎರಡು ಸಲ ಬಾಗಿಲು ತಳ್ಳಿದರು, ಎರಡು ಸಲವೂ ಗದರಿ ಕಳಿಸಿದೆ. ಕೊನೆಗೆ ಅವಳು ಒಂದು ಬಿಳಿ ಹಾಳೆ ಕೇಳಿದಳು. ಟೈಪು ಮಾಡಿ ತಂದಿದ್ದ ಆಕ್ಷೇಪಣೆಯನ್ನು ಪಕ್ಕಕ್ಕೆ ಸರಿಸಿ ತನ್ನ ಕೈಯಲ್ಲೇ ಬರೆದಳು. 'ಹೇಮಂತ್ ನನಗೆ ತಾಳಿ ಕಟ್ಟಿದ್ದು ಬಾಡಿಗೆ ಮನೆ ಸಿಗಲೆಂದು. ಅದು ಆಗಲೇ ನಮ್ಮಿಬ್ಬರಿಗೂ ಗೊತ್ತಿತ್ತು. ನನಗೂ ಅವರಿಗೂ ಮದುವೆ ಆಗಿಲ್ಲ. ಆಮೇಲೆ ನಾನೊಬ್ಬಳೇ ಅದನ್ನು ಮದುವೆ ಅಂದುಕೊಂಡೆ.' ಕೆಳಗೆ ಸಹಿ.

ನಾನು ಆ ಹಾಳೆಯನ್ನು ಓದುತ್ತಿದ್ದಾಗಲೇ ಹೇಮಂತ್ ಬಂದ. ದೊಡ್ಡಪ್ಪ ಹಿಂದಿನ ದಿನವೇ ಫೋನು ಮಾಡಿ ಕರೆಸಿದ್ದರು. ಜೊತೆಯಲ್ಲಿ ನಾಜ್ನೀನ್ ಬಂದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಆಕ್ಷೇಪಣೆ ಏನೆಂದು ಕಣ್ಣಾರೆ ನೋಡಬೇಕೆಂದು ಬಂದಿದ್ದಳು. ಎಲ್ಲರನ್ನೂ ಒಳಗೆ ಕರೆದು ಹೇಳಿಕೆಯನ್ನು ಗಟ್ಟಿಯಾಗಿ ಓದಿದೆ.

ಹೇಮಂತ್ ನಾಜ್ನೀನ್ ಕಡೆ ತಿರುಗಿ, "ನಾನ್ ಹೇಳಿರ್ಲಿಲ್ವಾ? ಹಳೇ ಕತೆ ಅದು, ಮುಗ್ದೋಗಿದೆ" ಅಂದ. ಪಲ್ಲವಿ ಅಲ್ಲೇ ಮೂರಡಿ ದೂರದಲ್ಲಿ ನಿಂತಿದ್ದಳು. ಅವನು ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಕೈಯಲ್ಲಿದ್ದ ಸೀಲನ್ನೇ ಎಸೆಯಬೇಕೆನಿಸಿತು ನನಗೆ.

ನಾಜ್ನೀನ್ ಮಾತ್ರ ಕೈ ಚಾಚಿದಳು. "ಆ ಕಾಗದಗಳನ್ನೆಲ್ಲ ನಾನೂ ನೋಡಬಹುದಾ ಮೇಡಂ?"

ಬಾಡಿಗೆ ಕರಾರುಗಳು ಹನ್ನೊಂದು ತಿಂಗಳಿನವು. ಅವಧಿ ಮುಗಿದಾಗಲೆಲ್ಲ ಹೊಸದಾಗಿ ಬರೆಸಬೇಕು. ಅಲ್ಲಿದ್ದವು ಮೂರು, ಒಟ್ಟಿಗೆ ಪಿನ್ನು ಹೊಡೆದಿದ್ದವು. ಪತ್ರದ ಕೊನೆಯ ಪುಟದವರೆಗೆ ಓದದೆ ನಾನು ಯಾವತ್ತೂ ಸೀಲು ಒತ್ತಿದವಳಲ್ಲ. ಅವತ್ತು ಸಿಟ್ಟಿನ ಭರದಲ್ಲಿ ಮೊದಲನೆಯದನ್ನು ನೋಡಿ ಬಿಟ್ಟಿದ್ದೆ. ನಾಜ್ನೀನ್ ಒಂದೊಂದೇ ಹಾಳೆ ತಿರುವಿ ಮೂರನೆಯದರಲ್ಲಿ ನಿಂತಳು. ತನ್ನ ಫೋನಿನಲ್ಲಿದ್ದ ಮದುವೆ ನೋಟಿಸನ್ನು ತೆಗೆದು ಪಕ್ಕದಲ್ಲಿಟ್ಟಳು. ನೋಟಿಸಿಗೆ ಸಹಿ ಹಾಕಿದ ನಾಲ್ಕು ದಿನದ ಮೇಲೆ ಹೇಮಂತ್ ಮೂರನೆಯ ಕರಾರಿಗೆ ಪಲ್ಲವಿಯ ಗಂಡನೆಂದು ಸಹಿ ಹಾಕಿದ್ದ.

"ಸೋಮವಾರ ನನ್ ಮುಂದೆ ಅವಿವಾಹಿತ. ಶುಕ್ರವಾರ ಇವಳ ಗಂಡ" ಎಂದಳು ನಾಜ್ನೀನ್. ದನಿ ಏರಿರಲಿಲ್ಲ. "ಹಳೇ ಕತೆ ಅಂದ್ಯಲ್ಲ, ಯಾವುದು ಹಳೇದು?"

"ಮನೆ ಖಾಲಿ ಮಾಡ್ಸ್ತಾರೆ ಅಂತ... ಒಂದ್ ಸೈನು ಅಷ್ಟೇ ಕಣೇ..."

"ಕಣೇ ಅನ್ನಬೇಡ. ನಮ್ ಅಬ್ಬಾ ಹತ್ರ ಮೂರು ತಿಂಗ್ಳಿಂದ ಮಾತು ಬಿಟ್ಟಿದೀನಿ ನಿನಗೋಸ್ಕರ." ಕಾಗದಗಳನ್ನು ಜೋಡಿಸಿ ನನ್ನ ಮೇಜಿನ ಮೇಲಿಟ್ಟಳು. ನಂತರ ಪಲ್ಲವಿಯ ಕಡೆ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಅತ್ತರೆಂದು ಓದುಗರು ಊಹಿಸುವುದು ಬೇಡ. "ನಿನಗೂ ಗೊತ್ತಿತ್ತಲ್ಲ ನನ್ನ ವಿಷಯ? ಅವನ ಸ್ಟೇಟಸ್ಸಲ್ಲಿ ನನ್ನ ಫೋಟೋ ನೀನು ನೋಡ್ತಿದ್ದೆ ತಾನೇ? ಒಂದು ಮಾತು ಹೇಳಲಿಲ್ಲ" ಎಂದಳು. ಪಲ್ಲವಿ, "ಹೇಳುದ್ರೆ ನಂಬ್ತಿದ್ಯಾ?" ಎಂದಳು. ನಾಜ್ನೀನ್ ಹೊರಟುಹೋದಳು.

ಬೋರೇಗೌಡರಿಗೆ ಮುಸಲ್ಮಾನರ ಹುಡುಗಿ ತಾನಾಗಿಯೇ ತೊಲಗಿದ್ದು ನೆಮ್ಮದಿ. ಅದರ ಜೊತೆಗೆ ಇನ್ನೊಂದು ನೆಮ್ಮದಿಯೂ ಸಿಕ್ಕಿತ್ತು. ಪಲ್ಲವಿ ಕೈಯಾರೆ 'ಮದುವೆ ಆಗಿಲ್ಲ' ಎಂದು ಬರೆದುಕೊಟ್ಟಿದ್ದಳಲ್ಲ, ಈಗ ಅವಳೂ ಬೇಕಿರಲಿಲ್ಲ. "ನಡಿಯಲಾ, ಕಾರು ಹತ್ತು, ಲೇಟಾಯ್ತದೆ" ಎಂದು ಹೇಮಂತನ ತೋಳು ಹಿಡಿದು ಎಳೆದರು. ಬಾಗಿಲಲ್ಲಿ ಪಲ್ಲವಿ, "ದೊಡ್ಡಪ್ಪ, ನನ್ ಬ್ಯಾಗು ಕಾರ್ನಾಗದೆ" ಎಂದಳು.

"ಯಾರವ್ವ ನಿಂಗೆ ದೊಡ್ಡಪ್ಪ? ನೀನೇ ಬರ್ದ್ಕೊಟ್ಯಲ್ಲ, ಏನೂ ಅಲ್ಲ ಅಂತವ" ಎಂದರು ಅವರು. ಬ್ಯಾಗನ್ನು ಕಚೇರಿ ಮೆಟ್ಟಿಲ ಮೇಲೆ ಎಸೆದು ಕಾರು ಹೊರಟಿತು. ಹೇಮಂತ್ ಮುಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದ. ಮನೆಯ ಮಗನಲ್ಲವೇ, ಅವನಿಗೆ ಜಾಗವಿತ್ತು.

ಹೇಳಿಕೆಯನ್ನೂ ಆಕ್ಷೇಪಣೆಯನ್ನೂ ಲಗತ್ತುಗಳ ಸಮೇತ ಮರುದಿನ ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಮದುವೆಗೆ ಯಾರೂ ಬರಲಿಲ್ಲ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಇದೂ ಹಾಗೇ ರದ್ದಾಯಿತು. ಶಿವಲಿಂಗುವನ್ನು ಕರೆದು ಇನ್ನು ಮುಂದೆ ಬೋರ್ಡಿನ ಫೋಟೋ ತೆಗೆದರೆ ಕಾಂಪೌಂಡಿನೊಳಗೆ ಕಾಲಿಡಗೊಡುವುದಿಲ್ಲ ಎಂದೆ. "ಆವತ್ತು ನೀವೇ ನೋಡ್ತಿದ್ರಲ್ಲ ಮೇಡಮ್ಮೋರೆ" ಎಂದ.

ಕಾರು ಹೊರಟುಹೋದ ಆ ಮಧ್ಯಾಹ್ನವೇ ಪಲ್ಲವಿ ಬ್ಯಾಗು ಎತ್ತಿಕೊಂಡು ಬಂದು ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿದಳು. ನಾನೇ ಜೊತೆಗೆ ನಡೆದೆ. ಬಸ್‌ಸ್ಟ್ಯಾಂಡಿನಲ್ಲಿ ನಾಜ್ನೀನ್ ಒಂದು ಬೆಂಚಿನಲ್ಲಿ ಕೂತಿದ್ದಳು. ಪಲ್ಲವಿ ಎದುರಿನ ಬೆಂಚಿಗೆ ಹೋಗಿ ಕೂತಳು. ಇಬ್ಬರಿಗೂ ಒಂದೇ ಬೆಂಗಳೂರು ಬಸ್ಸು. ಪಲ್ಲವಿಗೆ ಏನಾದರೂ ಹೇಳಬೇಕೆನಿಸಿತು. ನಾನು ನಿನಗೆ ಹಾಗೆ ಬರಿ ಅಂದದ್ದು ತಪ್ಪು ಎಂದೆ. ನನ್ನ ಸರ್ವಿಸಿನಲ್ಲಿ ಜನರ ಎದುರು ಹಾಗೆ ಒಪ್ಪಿಕೊಂಡದ್ದು ಅದೊಂದೇ ಸಲ.

ನೋಂದಣಿಗೆ ಬಂದ ಪ್ರತಿಯೊಬ್ಬರನ್ನೂ ಸಹಿಗೆ ಮುಂಚೆ ನಾವು ಒಂದು ಪ್ರಶ್ನೆ ಕೇಳಬೇಕು: ಇದನ್ನು ನಿಮ್ಮ ಸ್ವಂತ ಇಚ್ಛೆಯಿಂದ ಬರೆದುಕೊಡುತ್ತಿದ್ದೀರಾ? ಸಾವಿರಾರು ಜನರನ್ನು ಕೇಳಿದ್ದೇನೆ. ಕೇಳಲೇಬೇಕಾಗಿದ್ದ ಆ ಒಬ್ಬ ಹುಡುಗಿಯನ್ನು ಕೇಳಲಿಲ್ಲ, ಯಾಕೆಂದರೆ ಅವಳ ಇಚ್ಛೆ ನನಗೆ ಬೇಕಿರಲಿಲ್ಲ. ಅವಳ ಸಹಿ ಬೇಕಾಗಿತ್ತು, ಬೋರೇಗೌಡರಿಗೆ ಬೇಕಾಗಿದ್ದ ಹಾಗೆಯೇ. ನ್ಯಾಯದ ಪರವಾಗಿ ಬರುವ ಕೋಪವನ್ನೂ ಅಧಿಕಾರಿ ಅನುಮಾನದಿಂದಲೇ ನೋಡಬೇಕು ಎಂಬುದನ್ನು ಕೆಲಸ ನನಗೆ ಕೊನೆಯ ಗಳಿಗೆಯಲ್ಲಿ ಕಲಿಸಿತು.

ಬಸ್ಸು ಬಂದಾಗ ಪಲ್ಲವಿ ಎದ್ದು ನಿಂತು ಹೇಳಿದಳು. ಮಾತಿನಲ್ಲಿ ಕೃತಜ್ಞತೆಯೂ ಇರಲಿಲ್ಲ, ಮುನಿಸೂ ಇರಲಿಲ್ಲ.

"ನೀವು ಹೇಳ್ದಂಗೆ ಬರ್ದಿದ್ರೆ ಮೇಡಂ, ಈಗ ನಾನು ಆ ಕಾರ್ನಾಗಿರ್ತಿದ್ದೆ."